ಮೂಲೆಯ ಗುಡ್ಡೆ

ಹೋದ ಭಾನುವಾರ ಅಡುಗೆಮನೆ ಗುಡಿಸುವಾಗ ಗ್ಯಾಸ್ ಸಿಲಿಂಡರಿನ ಹಿಂದೆ ಒಂದು ತೆಂಗಿನಕಾಯಿ ಸಿಕ್ಕಿತು. ಸಿಪ್ಪೆ ಸುಲಿಯದ ಕಾಯಿ. ನನ್ನ ತಮ್ಮ ಊರಿಂದ ತಂದು ಹಾಕಿದ ಚೀಲದಿಂದ ಯಾವಾಗಲೋ ಉರುಳಿ ಹೋಗಿ ಅಲ್ಲೇ ಕೂತಿದ್ದಿರಬೇಕು. ಬೂದು ಬಣ್ಣಕ್ಕೆ ತಿರುಗಿ ಹಗುರವಾಗಿತ್ತು. ಎತ್ತಿದ ಕೂಡಲೇ ಒಳಗೆ ಏನೋ ಲೊಡಕ್ಕೆಂದಿತು. ಪೊರಕೆ ಕೆಳಗೆ ಹಾಕಿ, ಕಾಯನ್ನು ಕೆನ್ನೆಯ ಮೂಳೆಗೆ ಒತ್ತಿ ಹಿಡಿದು ಅಲ್ಲಾಡಿಸಿದೆ. ಕಿವಿಗಲ್ಲ, ಕೆನ್ನೆಯ ಮೂಳೆಗೆ. ಹಾಲಿನಲ್ಲಿ ಪೇಪರ್ ಓದುತ್ತಿದ್ದ ಗಂಡ ತಲೆಯೆತ್ತಿ, ಹಲ್ಲು ನೋವಾ ಎಂದು ಕೇಳಿದರು. ಇಲ್ಲ ಎಂದೆ.

ಕಾಯನ್ನು ಹಾಗೆ ಹಿಡಿಯುತ್ತಿದ್ದವರು ನಾನು ಕಂಡಂತೆ ಒಬ್ಬರೇ. ಅವರನ್ನು ನೆನೆದರೆ ಇವತ್ತಿಗೂ ನನಗೆ ಮೊದಲು ಬರುವುದು ಸಿಟ್ಟು. ಅವರ ಮೇಲೆ, ನಮ್ಮಪ್ಪನ ಮೇಲೆ, ಬಾಯಿಬಿಟ್ಟು ಒಂದು ಮಾತಾಡದೆ ಹತ್ತು ವರ್ಷ ಕಳೆದುಬಿಟ್ಟ ಅವರಿಬ್ಬರ ಆ ದಾಕ್ಷಿಣ್ಯದ ಮೇಲೆ. ನನ್ನ ಮೇಲಿನ ಸಿಟ್ಟು ಕೊನೆಗೆ ಬರುತ್ತದೆ, ಆದರೆ ಬಂದರೆ ಹೋಗುವುದಿಲ್ಲ.

ನಮ್ಮೂರು ಗುಬ್ಬಿಯಿಂದ ಬಿದರೆಹಳ್ಳ ಕಾವಲ್ ಕಡೆ ಹೋಗುವ ದಾರಿಯಲ್ಲಿ. ಈಗ ಆ ಕಡೆ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ, ಆಗ ಬರೀ ದನ ಮೇಯುವ ಕಾವಲು. ಅಪ್ಪನಿಗೆ ಗುಬ್ಬಿಯ ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತೆ ಕೆಲಸ, ಊರಲ್ಲಿ ಒಂದಷ್ಟು ತೆಂಗಿನ ತೋಟ, ರಾಗಿ ಹೊಲ. ನಾವು ಕಾಯಿಯನ್ನು ಹಸಿಯಾಗಿ ಮಾರುತ್ತಿರಲಿಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಡುಗೆಮನೆ ಮೇಲಿನ ಅಟ್ಟಕ್ಕೆ ಏರಿಸಿದರೆ ಅದು ಅಲ್ಲೇ ಹತ್ತು ಹನ್ನೊಂದು ತಿಂಗಳು ಇರಬೇಕು. ಕೆಳಗಿನ ಒಲೆಯ ಕಾವಿಗೆ ನಿಧಾನವಾಗಿ ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಎಲ್ಲ ಕಾಯಿಯೂ ಒಟ್ಟಿಗೆ ಆಗುವುದಿಲ್ಲ, ಅದೇ ತಾಪತ್ರಯ. ಪಕ್ಕಪಕ್ಕದಲ್ಲಿದ್ದ ಎರಡು ಕಾಯಿಗಳಲ್ಲಿ ಒಂದು ಆಗಿರುತ್ತದೆ, ಇನ್ನೊಂದಕ್ಕೆ ಇನ್ನೂ ಎರಡು ತಿಂಗಳು ಬೇಕಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಆಗದ ಕಾಯಿಯ ಸಿಪ್ಪೆ ಸುಲಿದುಬಿಟ್ಟರೆ ಮತ್ತೆ ಅಟ್ಟಕ್ಕೆ ಹಾಕಿ ಪ್ರಯೋಜನವಿಲ್ಲ, ಚಿಪ್ಪು ಬಿರಿದು ಒಳಗೆಲ್ಲ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಸುಲಿಯುವವರು ಬರುವ ಮೊದಲು ಅಟ್ಟ ಹತ್ತಿ, ಒಂದೊಂದೇ ಕಾಯಿ ಅಲ್ಲಾಡಿಸಿ ಸದ್ದು ಕೇಳಿ, ಆಗಿದ್ದನ್ನು ಬೇರೆ ಮಾಡುವವರು ಒಬ್ಬರು ಬೇಕು. ನಮ್ಮ ಸುತ್ತಮುತ್ತಲಿನ ಊರುಗಳಿಗೆಲ್ಲ ಆ ಒಬ್ಬರು ಅವರೇ. ನಾವು ಮಕ್ಕಳು ಕೊಬ್ಬರಿ ತಾತ ಎನ್ನುತ್ತಿದ್ದೆವು. ಅಪ್ಪ ದೊಡ್ಡಯ್ಯ ಎನ್ನುತ್ತಿದ್ದರು.

ಚಿಕ್ಕಂದಿನಿಂದ ಆ ಕೆಲಸ ಬಿಟ್ಟು ಬೇರೆ ಮಾಡಿದವರಲ್ಲ. ನನಗೆ ನೆನಪಿರುವ ಮೊದಲ ವರ್ಷಗಳಲ್ಲಿ ಅವರಿಗೆ ಅರವತ್ತರ ಹತ್ತಿರ. ತೆಳ್ಳಗೆ, ಏಣಿಯನ್ನು ಮುಟ್ಟಿಯೂ ಮುಟ್ಟದ ಹಾಗೆ ಹತ್ತುತ್ತಿದ್ದರು. ಅವರು ಬರುವ ದಿನ ಮನೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. ರೇಡಿಯೋ ಇಲ್ಲ, ರುಬ್ಬುವುದಿಲ್ಲ, ಒಗ್ಗರಣೆ ಕೂಡ ಬೆಳಗ್ಗೆಯೇ ಮುಗಿಸಿಬಿಡಬೇಕು. ಹೊರಗೆ ಎಮ್ಮೆ ಕೂಗಿದರೆ ಅದನ್ನೂ ಅಮ್ಮ ಗದರಿಸುತ್ತಿದ್ದಳು. ಮೇಲಿನಿಂದ ಬರುತ್ತಿದ್ದುದು ಒಂದೇ ಸದ್ದು, ಲೊಡ ಲೊಡ, ಸ್ವಲ್ಪ ಹೊತ್ತು ಮೌನ, ಆಮೇಲೆ ಕಾಯಿ ಗುಡ್ಡೆಗೆ ಬಿದ್ದ ಧಪ್. ಅಟ್ಟದ ಧೂಳು, ಹಳೇ ನಾರಿನ ವಾಸನೆ, ಅವರ ಎಲೆಅಡಿಕೆ ವಾಸನೆ... ಎಲ್ಲ ಒಟ್ಟಿಗೆ ಕೆಳಗಿಳಿಯುತ್ತಿತ್ತು. ಅವರು ಆರಿಸಿದ ಗುಡ್ಡೆಯಲ್ಲಿ ಒಂದೇ ಒಂದು ಹಸಿ ಕಾಯಿ ಬಂದರೂ ಅವತ್ತು ನಮ್ಮನೆಯಲ್ಲಿ ಊಟ ಮಾಡುತ್ತಿರಲಿಲ್ಲವಂತೆ. ಹಾಗೆ ಊಟ ಬಿಟ್ಟದ್ದನ್ನು ಆಗೆಲ್ಲ ನಾನು ಕಂಡಿರಲಿಲ್ಲ.

ತೊಂಬತ್ತನೇ ಇಸವಿಯ ಹೊತ್ತಿಗೆ ಅವರ ಕಿವಿ ಹೋಗಲು ಶುರುವಾಯಿತು. ಇದು ಊರಿಗೆಲ್ಲ ಗೊತ್ತಿತ್ತು, ಅವರ ಎದುರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕಾಯನ್ನು ಕಿವಿಯ ಹತ್ತಿರ ಹಿಡಿಯುತ್ತಿದ್ದವರು ಕಿವಿಗೇ ಒತ್ತಿ ಹಿಡಿಯತೊಡಗಿದರು. ಮರುವರ್ಷ ಕಿವಿಯ ಹಿಂದಿನ ಮೂಳೆಗೆ. ಅದಾದ ಮೇಲೆ ಕೆನ್ನೆಯ ಮೂಳೆಗೆ. ಕಣ್ಣು ಮುಚ್ಚಿ, ದವಡೆ ಬಿಗಿ ಹಿಡಿದು, ಮೂರು ಸಲ ಅಲ್ಲಾಡಿಸುತ್ತಿದ್ದರು. ಮೊದಲು ಒಂದು ಸಲ ಸಾಕಾಗುತ್ತಿತ್ತು. ಒಂದು ದಿನದ ಕೆಲಸ ಎರಡು ದಿನಕ್ಕೆ ಬಂತು, ಎರಡು ಮೂರಕ್ಕೆ. ಒಂದೊಂದೇ ಮನೆಯವರು ಏನೋ ನೆಪ ಹೇಳಿ ಅವರನ್ನು ಕರೆಯುವುದು ನಿಲ್ಲಿಸಿದರು. ಈ ಸಲ ಹಸಿಕಾಯಿಯೇ ಮಾರಿಬಿಟ್ವಿ ಎನ್ನುವುದು, ಅಟ್ಟ ರಿಪೇರಿ ಎನ್ನುವುದು. ಕೊನೆಗೆ ಉಳಿದದ್ದು ನಮ್ಮನೆ ಒಂದೇ.

ನನಗೆ ತಡೆಯಲಾಗದೆ ಇದ್ದದ್ದು ಒಂದೇ ವಿಷಯ. ಕಿವಿ ಕೇಳದಿದ್ದರೂ ಅವರು ಮೌನ ಬೇಕು ಎನ್ನುತ್ತಿದ್ದರು! ನಾನು ಗಟ್ಟಿಯಾಗಿ ಓದಿದರೆ ಮಾತ್ರ ತಲೆಗೆ ಹೋಗುವವಳು. ಅವರು ಬಂದ ದಿನ ತುಟಿ ಅಲ್ಲಾಡಿಸುವಂತಿಲ್ಲ. ಒಮ್ಮೆ ಅಟ್ಟದಿಂದ ಕೆಳಗೆ ಬಗ್ಗಿ, "ಅವ್ವಾ, ಆ ರೇಡಿಯೋ ಆರಿಸವ್ವ" ಎಂದರು. ರೇಡಿಯೋ ಹಾಕಿಯೇ ಇರಲಿಲ್ಲ. ಅಮ್ಮ ಎದ್ದುಹೋಗಿ, ಅವರಿಗೆ ಕಾಣುವ ಹಾಗೆ, ಆರಿದ ರೇಡಿಯೋದ ಗುಂಡಿ ತಿರುಗಿಸಿ ಬಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಸದ್ದು ಅವರ ಕಿವಿಯೊಳಗೇ ಇದ್ದದ್ದು ಎಂದು ಹೊಳೆದದ್ದು ಎಷ್ಟೋ ವರ್ಷದ ಮೇಲೆ...

ಇನ್ನೊಂದು ವಿಷಯವಿತ್ತು. ಅವರು ಸಂಜೆ ಕಾಫಿ ಕುಡಿದು ಮನೆಗೆ ಹೋದ ಮೇಲೆ ಅಪ್ಪ ಆಫೀಸಿನ ಪ್ಯಾಂಟು ಬಿಚ್ಚಿ ಲುಂಗಿ ಸುತ್ತಿಕೊಂಡು, ಟಾರ್ಚ್ ಹಿಡಿದು ಅಟ್ಟ ಹತ್ತುತ್ತಿದ್ದರು. ಮೇಲಿನಿಂದ ಮತ್ತೆ ಲೊಡ ಲೊಡ. ಇಡೀ ದಿನ ಅವರು ಮಾಡಿದ್ದನ್ನು ಅಪ್ಪ ಸಂಜೆ ಕದ್ದು ಇನ್ನೊಮ್ಮೆ ಮಾಡುತ್ತಾರೆ ಎಂದು ನಾನು ತಿಳಿದಿದ್ದೆ. ದಿನವಿಡೀ ಆಫೀಸಿನಲ್ಲಿ ಬೆನ್ನು ಬಗ್ಗಿಸಿ ಬಂದ ಮನುಷ್ಯ! ಹಾಗಿದ್ದರೆ ಅವರನ್ನು ಕರೆಯುವುದಾದರೂ ಯಾಕೆ ಎಂದು ಒಂದು ಸಲ ಜಗಳಕ್ಕೇ ನಿಂತೆ. ಅಪ್ಪ ತಲೆಯ ಮೇಲಿನ ಧೂಳು ಕೊಡವಿಕೊಳ್ಳುತ್ತ ಹೇಳಿದರು:

"ಅವ್ರಿಗೆ ಬರಬ್ಯಾಡಿ ಅಂತ ಹೇಳೋರ್ಯಾರಮ್ಮ? ನೀನ್ ಹೇಳ್ತೀಯ?"

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಅವರ ಮುಖ ನೋಡಿದರೆ ನನಗೂ ನಾಲಿಗೆ ಏಳುತ್ತಿರಲಿಲ್ಲ, ಅದಕ್ಕೂ ಸಿಟ್ಟು.

ಆ ವರ್ಷ, ಎರಡು ಸಾವಿರದ ಆಸುಪಾಸು, ನಾನು ತುಮಕೂರಿನಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದೆ. ಪರೀಕ್ಷೆಗೆ ಮೂರು ವಾರವಿತ್ತು. ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ತುಮಕೂರಿನ ಆಸ್ಪತ್ರೆ ಸೇರಿದರು. ಅಪ್ಪ ಅಲ್ಲಿ ನಿಲ್ಲಬೇಕಾಯಿತು, ತಮ್ಮ ಹಾಸ್ಟೆಲಿನಲ್ಲಿದ್ದ, ಅಮ್ಮನಿಗೆ ಮಂಡಿನೋವು, ಏಣಿ ಹತ್ತಲಾಗುವುದಿಲ್ಲ. ಸುಲಿಯುವವರಿಗೆ ದಿನ ಹೇಳಿಯಾಗಿತ್ತು. ಹಾಗಾಗಿ ಪುಸ್ತಕದ ಚೀಲ ಹೊತ್ತು ನಾನು ಊರಿಗೆ ಬಂದೆ. ಬಸ್ ಹತ್ತಿಸುವಾಗ ಅಪ್ಪ ಒಂದೇ ಮಾತು ಹೇಳಿದರು. ಸಂಜೆ ದೊಡ್ಡಯ್ಯ ಹೋದ ಮೇಲೆ ಮೂಲೆಯ ಗುಡ್ಡೆ ನೋಡಿಬಿಡು, ಸದ್ದಿನಲ್ಲಿ ನೀರಿನ ಗುಳುಗುಳು ಇದ್ದರೆ ಹಿಂದಕ್ಕೆ ಹಾಕು ಎಂದು. ಮೂಲೆಯದ್ದು ಮಾತ್ರ ಯಾಕೆ ಎಂದು ನಾನೂ ಕೇಳಲಿಲ್ಲ, ಬಸ್ಸು ಹೊರಟಿತು.

ತಾತ ಮೂರು ದಿನ ಕೂತರು. ಮೂರು ದಿನವೂ ನಾನು ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ಕೂತು ಓದಿದೆ. ಮೊದಲನೆಯ ಸಂಜೆ ಏಣಿ ಹತ್ತಿ ನೋಡಿದೆ. ಮುಂದುಗಡೆ ಒಂದು ದೊಡ್ಡ ಗುಡ್ಡೆ, ರಾಗಿ ತುಂಬಿಡುವ ವಾಡೆಯ ಪಕ್ಕದ ಮೂಲೆಯಲ್ಲಿ ಒಂದು ಚಿಕ್ಕ ಗುಡ್ಡೆ, ಹಿಂದೆ ಮುಟ್ಟದೆ ಬಿಟ್ಟ ಉಳಿದ ಕಾಯಿ. ಟಾರ್ಚಿನ ಬೆಳಕಲ್ಲಿ ಅದನ್ನೆಲ್ಲ ನೋಡುತ್ತ ನಿಂತೆ. ಮೂಲೆಯ ಒಂದು ಕಾಯಿ ಎತ್ತಿಕೊಂಡೆ. ಆಮೇಲೆ ಇದ್ದ ಸಿಟ್ಟೆಲ್ಲ ಒಟ್ಟಿಗೆ ಬಂತು. ಇವತ್ತು ನಾನು ಇದನ್ನು ಸರಿ ಮಾಡಿದರೆ ಮುಂದಿನ ವರ್ಷವೂ ಇದೇ ಗೋಳು, ಅದರ ಮುಂದಿನ ವರ್ಷವೂ. ಒಂದು ಸಲ ಕೆಡಲಿ. ಕಣ್ಣಾರೆ ನೋಡಿದರೆ ಅಪ್ಪನಿಗೂ ಗೊತ್ತಾಗುತ್ತದೆ, ತಾತನಿಗೂ ಗೊತ್ತಾಗುತ್ತದೆ, ಯಾರೂ ಯಾರಿಗೂ ಹೇಳುವ ಕಷ್ಟವಿರುವುದಿಲ್ಲ... ಕಾಯನ್ನು ಅಲ್ಲಾಡಿಸದೆ ವಾಪಸ್ ಇಟ್ಟು ಇಳಿದುಬಿಟ್ಟೆ. ಮುಂದಿನ ಎರಡು ಸಂಜೆ ಹತ್ತಲೂ ಇಲ್ಲ. ಅಮ್ಮ ಕೇಳಿದಾಗ ಆಯ್ತು ಎಂದೆ. ನಾಲ್ಕನೆಯ ದಿನ ಸುಲಿಯುವವರು ಬಂದಾಗ ಎರಡೂ ಗುಡ್ಡೆ ಇಳಿಸಿ ಎಂದು ಕೈ ತೋರಿಸಿದವಳು ನಾನೇ.

ಚಿಪ್ಪು ಒಡೆಯುವವರೆಗೆ ಏನೂ ಗೊತ್ತಾಗುವುದಿಲ್ಲ. ಎರಡು ದಿನ ಸುಲಿದು, ಮೂರನೆಯ ದಿನ ಚಿಪ್ಪು ಒಡೆಯಲು ಕೂತರು. ಅಜ್ಜಿಗೆ ಆಪರೇಷನ್ ಮುಗಿದಿತ್ತು, ಅವತ್ತು ಬೆಳಗ್ಗೆ ಅಪ್ಪನೂ ಬಂದಿದ್ದರು. ಮೊದಮೊದಲು ಉಂಡೆ ಕೊಬ್ಬರಿ ಒಂದರ ಹಿಂದೊಂದು ಉರುಳಿ ಬಂತು, ಬಾಯಲ್ಲಿ ನೀರೂರಿಸುವ ವಾಸನೆ. ಆಮೇಲೆ ಒಂದು ಒಡೆದಾಗ ಪಿಚಕ್ಕೆಂದು ನೀರು ಚಿಮ್ಮಿತು. ಇನ್ನೊಂದರಲ್ಲಿ ತಿರುಳು ಚಿಪ್ಪಿಗೇ ಕಚ್ಚಿಕೊಂಡು ಚೂರಾಯಿತು. ಹೀಗೆ ಒಂದೊಂದೇ ಸೇರಿ ಒಂದು ಮಂಕರಿ ತುಂಬಿತು. ಒಡೆಯುವವರು ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬ ಹೋಗಿ ತಾತನನ್ನು ಕರೆತಂದ. ಅದು ಅವರ ಪದ್ಧತಿ, ಕಾಯಿ ಹಸಿ ಬಂದರೆ ಆರಿಸಿದವರೇ ಬಂದು ನೋಡಬೇಕು.

ತಾತ ಅಂಗಳಕ್ಕೆ ಬಂದು ಮಂಕರಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದೊಂದೇ ಚೂರು ಎತ್ತಿ ಮೂಸಿ ನೋಡಿದರು. ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು:

"ಮೂಲೇದು ನೋಡಿದ್ಯೇನಮ್ಮ? ಅನ್ಮಾನ ಬಂದಿದ್ನೆಲ್ಲ ಅವ್ರು ಮೂಲೆಗೇ ಹಾಕೋದು. ಅವ್ರು ಆಗೈತೆ ಅಂದಿದ್ದು ಇವತ್ತಿನ್ವರ್ಗೂ ಒಂದೂ ತಪ್ಪಿಲ್ಲ. ನಾನ್ ನೋಡ್ತಿದ್ದಿದ್ದು ಮೂಲೇದು ಮಾತ್ರ."

ಹತ್ತು ವರ್ಷದಿಂದ ಅಪ್ಪ ಕದ್ದು ಮಾಡುತ್ತಿದ್ದಾರೆ ಎಂದುಕೊಂಡಿದ್ದೆನಲ್ಲ, ಅದರಲ್ಲಿ ಕದ್ದದ್ದು ಏನೂ ಇರಲಿಲ್ಲ. ಅವರಿಬ್ಬರೂ ಒಂದು ಮಾತೂ ಆಡದೆ ಕೆಲಸ ಹಂಚಿಕೊಂಡಿದ್ದರು. ತಮಗೆ ಕೇಳದ್ದು ಯಾವುದು ಎಂದು ತಾತನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಮಾತ್ರ ಮೂಲೆಗೆ ಇಡುತ್ತಿದ್ದರು, ಅಪ್ಪನಿಗೆ ಎಂದು. ನನಗೆ ಇದನ್ನು ಒಬ್ಬರಾದರೂ ಹೇಳಬಾರದಿತ್ತೇ? ಹೇಳಿದ್ದರೆ ಅದು ದಾಕ್ಷಿಣ್ಯ ಹೇಗಾಗುತ್ತಿತ್ತು!

ಅಪ್ಪ ಉತ್ತರಕ್ಕೆ ಕಾಯುತ್ತಿದ್ದರು. ಮಂಕರಿಯ ಮುಂದಿನಿಂದ ತಾತನೂ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ನಾನು ನೋಡಿದೆ ಎಂದೆ. ಎಂದದ್ದಷ್ಟೇ ಅಲ್ಲ, ತಲೆಯನ್ನೂ ಆಡಿಸಿದೆ. ಮಾತು ಕೇಳದವರಿಗೂ ತಿಳಿಯುವಷ್ಟು ಚೆನ್ನಾಗಿ ಆಡಿಸಿದೆ.

ಅಪ್ಪನ ಮುಖ ಇಳಿಯಿತು. ಮೂಲೆಯದ್ದನ್ನು ನಾನು ನೋಡಿದ್ದೇನೆ ಎಂದಮೇಲೆ ಕೆಟ್ಟಿದ್ದು ಮುಂದುಗಡೆಯ ದೊಡ್ಡ ಗುಡ್ಡೆ ಎಂದಾಯಿತು. ಅಂದರೆ ದೊಡ್ಡಯ್ಯ ಆಗಿದೆ ಎಂದದ್ದೂ ಆಗಿಲ್ಲ. ಮುಗಿಯಿತು. ಅಪ್ಪ ಲೆಕ್ಕ ಹಾಕಿದ್ದರಲ್ಲಿ ತಪ್ಪೇನಿರಲಿಲ್ಲ, ನಾನು ಕೊಟ್ಟದ್ದೇ ಸುಳ್ಳು.

ತಾತ ಎದ್ದು ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡರು. ಅಪ್ಪನ ಹತ್ತಿರ ಬಂದು, ತಮಗೇ ಕೇಳದ ಆ ದೊಡ್ಡ ದನಿಯಲ್ಲಿ, ಅಂಗಳದವರೆಲ್ಲ ಕೇಳುವ ಹಾಗೆ ಹೇಳಿದರು: "ನಂದು ಆಯ್ತು ಕಣಪ್ಪ. ಮುಂದಿನ್ ಸಲ ಬ್ಯಾರೆಯೋರ್ನ ನೋಡ್ಕಳಿ." ಅಮ್ಮ ಊಟಕ್ಕೆ ಕೂರಿಸಲು ಎಷ್ಟು ಕರೆದರೂ ನಿಲ್ಲಲಿಲ್ಲ. ಬಾಗಿಲ ಹತ್ತಿರ ನಾನಿದ್ದೆ. ನನ್ನ ಮುಂದೆ ಒಂದು ಗಳಿಗೆ ನಿಂತು, ಈ ಸಲ ದನಿ ಇಳಿಸಿ ಅಂದರು:

"ಮೂಲೇದು ನಿಮ್ಗೆ ಅಂತ ಮಡಗಿದ್ದೆ ಕಣವ್ವ."

ಅಷ್ಟೇ. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಅವರು ಅಪ್ಪನಿಗೆ ಹೇಳಿಬಿಡಬಹುದಿತ್ತು, ಒಂದೇ ಮಾತು ಸಾಕಿತ್ತು, ಅಪ್ಪ ನಂಬುತ್ತಿದ್ದರು. ಹೇಳಲಿಲ್ಲ. ಮದುವೆಗೆ ಬಂದ ಹುಡುಗಿಯ ಮಾತು ಸುಳ್ಳಾಗಬಾರದು ಎಂದೋ, ಹೇಗೂ ಇವತ್ತಲ್ಲ ನಾಳೆ ಬಿಡಬೇಕಾದ ಕೆಲಸ ಎಂದೋ... ಯಾಕೆ ಹೇಳಲಿಲ್ಲ ಎಂದು ಯೋಚಿಸಿ ಯೋಚಿಸಿ ನನಗೆ ಸಾಕಾಗಿದೆ.

ಮುಂದಿನ ವರ್ಷ ಬೇರೆಯವರು ಬಂದರು. ಅವರಲ್ಲಿ ಯಾರೂ ಕಾಯಿ ಅಲ್ಲಾಡಿಸಲಿಲ್ಲ. ಅಟ್ಟಕ್ಕೆ ಹಾಕಿ ವರ್ಷವಾಯಿತಾ ಎಂದು ಕೇಳಿ ಎಲ್ಲ ಇಳಿಸಿ ಒಡೆದರು. ಒಂದಷ್ಟು ಹಸಿ ಬಂತು, ಇರುವುದೇ ಹಾಗೆ ಎಂದರು. ಅಪ್ಪನೂ ಹೌದು ಎಂದರು. ಸಂಜೆ ಅಭ್ಯಾಸಬಲದಿಂದ ಟಾರ್ಚ್ ಹುಡುಕಿ ಕೈಗೆತ್ತಿಕೊಂಡು, ಖಾಲಿ ಅಟ್ಟ ನೆನಪಾಗಿ ಗೂಡಿನಲ್ಲಿ ಇಟ್ಟುಬಿಟ್ಟರು. ಅವತ್ತಾದರೂ ಹೇಳಬಹುದಿತ್ತು. ಟಿವಿ ನೋಡುತ್ತ ಕೂತಿದ್ದೆ.

ತಾತ ಕುಣಿಗಲ್‌ನಲ್ಲಿದ್ದ ಮಗಳ ಮನೆಗೆ ಹೋದರೆಂದು ಕೇಳಿದೆ. ಕೆಲವು ವರ್ಷದ ಮೇಲೆ ನನಗೆ ಕೆಲಸವೂ ಕುಣಿಗಲ್ ತಾಲ್ಲೂಕಿನ ಒಂದು ಶಾಲೆಯಲ್ಲೇ ಸಿಕ್ಕಿತು. ಅವರ ಮನೆ ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷ ನಡೆಯಲು ನನಗೆ ಒಂದೂವರೆ ವರ್ಷ ಹಿಡಿಯಿತು. ಕೊನೆಗೆ ಒಂದು ಶನಿವಾರ, ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ, ಊರಿಂದ ತಂದ ನಾಲ್ಕು ಅಟ್ಟದ ಕಾಯಿ ಚೀಲದಲ್ಲಿಟ್ಟುಕೊಂಡು ಹೋದೆ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಉರು ಹೊಡೆದುಕೊಂಡಿದ್ದೆ.

ಜಗಲಿಯ ಮೇಲೆ ಕೂತಿದ್ದರು. ಗುರುತು ಹಿಡಿದು ನಕ್ಕರು. ಕಿವಿ ಪೂರ್ತಿ ಹೋಗಿತ್ತು. ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಿದ್ದ ಮಗಳು, "ಕೂಗಿ ಹೇಳಿ ಮೇಡಂ, ಇಲ್ದಿದ್ರೆ ತಿಳಿಯಾಕಿಲ್ಲ" ಎಂದಳು. ಎದುರು ಮನೆಯವರು ಹೊರಗೆ ಬಂದು ನಿಂತಿದ್ದರು, ಬೀದಿಯಲ್ಲಿ ಮಕ್ಕಳು ಆಡುತ್ತಿದ್ದರು. ತಪ್ಪು ನಂದೇ ತಾತ ಎಂದು ಮೆಲ್ಲಗೆ ಹೇಳಲು ಬಂದವಳು ನಾನು. ಅದನ್ನು ಇಡೀ ಬೀದಿಗೆ ಕೂಗಬೇಕಿತ್ತು. ತರಗತಿಯಲ್ಲಿ ಐವತ್ತು ಮಕ್ಕಳ ಮೇಲೆ ಕೂಗುವ ಗಂಟಲು ಅವತ್ತು ಏಳಲೇ ಇಲ್ಲ. ಅಜ್ಜಿ ಹೋದರು, ಅಪ್ಪ ಚೆನ್ನಾಗಿದ್ದಾರೆ ಎಂದು ಕೂಗಿ ಹೇಳಿದೆ.

ಅವರು ಚೀಲದಲ್ಲಿ ಕೈಹಾಕಿ ಕಾಯಿಗಳನ್ನು ಹೊರತೆಗೆದರು. ಒಂದೊಂದನ್ನೂ ಕೆನ್ನೆಗೆ ಒತ್ತಿ, ಕಣ್ಣು ಮುಚ್ಚಿ, ಅಲ್ಲಾಡಿಸಿದರು. ಎರಡನ್ನು ಬಲಗಡೆ ಇಟ್ಟರು. ಒಂದನ್ನು ಎಡಗಡೆ ಇಟ್ಟು, ಇನ್ನೂ ಆಗಿಲ್ಲ ಎಂಬಂತೆ ಕೈಯಾಡಿಸಿದರು. ನಾಲ್ಕನೆಯದನ್ನು ತುಂಬ ಹೊತ್ತು ಅಲ್ಲಾಡಿಸಿದರು. ಈ ಕೆನ್ನೆ, ಆ ಕೆನ್ನೆ, ಹಣೆ. ಆಮೇಲೆ ಕಣ್ಣು ಬಿಟ್ಟು ಅದನ್ನು ನನ್ನ ಕಡೆ ಚಾಚಿದರು.

"ನೀನೇ ನೋಡವ್ವ."

ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದೆ. ಸದ್ದಂತೂ ಬಂತು. ಅದು ಆಗಿದ್ದರ ಸದ್ದೋ ಆಗದ್ದರ ಸದ್ದೋ, ದೇವರಾಣೆ ನನಗೆ ತಿಳಿಯಲಿಲ್ಲ. ಚೆನ್ನಾಗಿ ಕೇಳುವ ಎರಡು ಕಿವಿ ಇಟ್ಟುಕೊಂಡು ತಿಳಿಯಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅವತ್ತು ಅಂಗಳದಲ್ಲಿ ನೋಡಿದ ಹಾಗೆಯೇ. ನಾನು ತಲೆಯಾಡಿಸಿದೆ. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಮತ್ತೆ ಅಲ್ಲಾಡಿಸದೆ, ಬಲಗಡೆಯ ಎರಡರ ಜೊತೆ ಇಟ್ಟರು.

ಅದು ಕ್ಷಮೆಯೋ, ಚುಚ್ಚಿದ್ದೋ, ಅಥವಾ ಎರಡೂ ಅಲ್ಲದೆ ವಯಸ್ಸಾದವರ ಅಭ್ಯಾಸವೋ ನನಗೆ ಗೊತ್ತಿಲ್ಲ. ಬಸ್ಸಿನಲ್ಲಿ ಕೂತು ಅತ್ತೆ, ದುಃಖಕ್ಕಿಂತ ರೋಷಕ್ಕೆ. ಮುಂದಿನ ಸಲ ಬರೆದುಕೊಂಡು ಹೋಗೋಣ ಎಂದು ಹೊಳೆದದ್ದು ಆಮೇಲೆ. ಚೀಟಿ ಬರೆದೆ ಕೂಡ. ಅವರಿಗೆ ಓದಲು ಬರುವುದಿಲ್ಲ ಎಂಬುದು ಬರೆದು ಮಡಚಿದ ಮೇಲೆ ನೆನಪಾಯಿತು. ನೋಡಿ, ಟೀಚರು ನಾನು... ಎರಡು ಮಳೆಗಾಲದ ನಂತರ ತಾತ ತೀರಿಕೊಂಡರು. ಅಪ್ಪನೂ ಈಗ ಇಲ್ಲ. ದೊಡ್ಡಯ್ಯನಂಥ ಕೈ ಇನ್ನೊಂದಿರಲಿಲ್ಲ, ಕೊನೆಗೆ ಒಂದು ವರ್ಷ ಮಾತ್ರ ತಪ್ಪಿದರು ಎಂದು ಕೊನೆಯವರೆಗೂ ಹೇಳುತ್ತಿದ್ದರು. ಆ ಒಂದು ವರ್ಷ ನನ್ನದು ಎಂದು ತಿಳಿದಿದ್ದವರು ಪ್ರಪಂಚದಲ್ಲಿ ಇಬ್ಬರೇ, ಈಗ ನಾನೊಬ್ಬಳು.

ಈಗ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಮನೆ, ಇಲ್ಲೇ ಹತ್ತಿರದಲ್ಲಿ ಶಾಲೆ. ಹಿಂದಿನ ಬೆಂಚಿನ ಹುಡುಗರು ಏನೆನ್ನುತ್ತಾರೋ ಈಚೆಗೆ ನನಗೂ ಸರಿಯಾಗಿ ಕೇಳುವುದಿಲ್ಲ. ಗೊತ್ತಾಗದಿದ್ದಾಗ ಹೂಂ ಎಂದು ತಲೆಯಾಡಿಸುತ್ತೇನೆ. ಹೊಸದಾಗಿ ಬಂದಿರುವ ಚಿಕ್ಕ ಟೀಚರು ನಾನು ತಿದ್ದಿದ ಉತ್ತರ ಪತ್ರಿಕೆಗಳನ್ನು ನಾನು ಹೋದ ಮೇಲೆ ಇನ್ನೊಮ್ಮೆ ನೋಡುತ್ತಾಳೆ ಎಂದು ನನಗೆ ಅನುಮಾನ. ಕೇಳಿಲ್ಲ. ಅವಳೂ ಹೇಳಿಲ್ಲ.

ಸಿಲಿಂಡರಿನ ಹಿಂದೆ ಸಿಕ್ಕ ಆ ಕಾಯನ್ನು ಭಾನುವಾರದಿಂದ ನಾಲ್ಕೈದು ಸಲ ಕೆನ್ನೆಗೆ ಹಿಡಿದು ನೋಡಿದ್ದೇನೆ. ಒಮ್ಮೆ ಆಗಿದೆ ಅನಿಸುತ್ತದೆ, ಒಮ್ಮೆ ಇಲ್ಲ. ಒಡೆದು ನೋಡು, ಅದಕ್ಕೇನು ಎಂದು ಗಂಡ ಹೇಳಿದರು. ಒಡೆಯಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಇಟ್ಟಿದ್ದೇನೆ. ಸಂಜೆ ಬಂದು ನೋಡುವವರು ಯಾರೂ ಇಲ್ಲ.